ತಾಗಿ ಮರಳಿದ ಬೆಳಕು, ತೂರಿ ಬಂದ ಬೆಳಕು

ಠಾಣೆಯಿಂದ ವಾಶಿಯ ಕಡೆಗೆ ಹೋಗುವ ಟ್ರಾನ್ಸ್ ಹಾರ್ಬರ್ ಲೋಕಲ್ ರೈಲು ಐರೋಲಿ, ರಬಾಳೆ ದಾಟಿ ಘಣಸೋಲಿಯಲ್ಲಿ ನಿಲ್ಲುತ್ತದೆ. ಒಂದು ಪಕ್ಕಕ್ಕೆ ವಸತಿ ಕಟ್ಟಡಗಳು, ಅವುಗಳಾಚೆ ಹಳೆಯ ಊರು, ಅದರಾಚೆ ಕಾಂಡ್ಲಾ ಗಿಡಗಳು ಮತ್ತು ಠಾಣೆ ಖಾರಿ. ಇನ್ನೊಂದು ಪಕ್ಕಕ್ಕೆ ಠಾಣೆ–ಬೇಲಾಪುರ ರಸ್ತೆ, ಅದರಾಚೆ ಗುಡ್ಡದ ಬುಡದವರೆಗೂ ಕಾರ್ಖಾನೆಗಳು. ಒಂದು ಕಾಲಕ್ಕೆ ಖಾರಿಯ ಈ ದಂಡೆಯ ಊರುಗಳು ಭತ್ತ, ಮೀನು ಮತ್ತು ಉಪ್ಪನ್ನು ನಂಬಿ ಬದುಕಿದ್ದವು. ಇಲ್ಲಿಯ ಮೂಲನಿವಾಸಿಗಳಾದ ಆಗ್ರಿ ಜನರ ಹೆಸರಿನಲ್ಲೇ ‘ಆಗರ’ ಇದೆ. ಗೋಕರ್ಣದ ಪಕ್ಕದ ಸಾಣಿಕಟ್ಟಾದ ಉಪ್ಪಿನಾಗರವನ್ನು ಕಂಡ ಕನ್ನಡಿಗರಿಗೆ ಆ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಗದ್ದೆಯಂಥ ಮಡಿಗಳಲ್ಲಿ ಸಮುದ್ರದ ನೀರು ನಿಲ್ಲಿಸಿ, ಬಿಸಿಲಿಗೆ ಬಿಟ್ಟು, ಬಿಳಿಯ ಹರಳನ್ನು ಎಳೆದು ರಾಶಿ ಹಾಕುವ ಕಸುಬು ಅದು.

1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಹುಟ್ಟಿತು. ಖಾರಿಯ ಪೂರ್ವ ದಂಡೆ ಅದರ ಮೊದಲ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದಾಯಿತು. 60ರ ದಶಕ ಮುಗಿಯುವ ಹೊತ್ತಿಗೆ ಇದೇ ರಸ್ತೆಯಲ್ಲಿ ನೋಸಿಲ್ ಕಂಪನಿಯ ನಾಫ್ತಾ ಘಟಕ ಕೆಲಸ ಆರಂಭಿಸಿತ್ತು. ಅದರ ಹಿಂದೆ ಮುಂದೆ ರಾಸಾಯನಿಕ, ಬಣ್ಣ, ಪ್ಲಾಸ್ಟಿಕ್, ಔಷಧ ಕಾರ್ಖಾನೆಗಳು ಬಂದವು. 1970ರಲ್ಲಿ ಸಿಡ್ಕೋ ಸ್ಥಾಪನೆಯಾಗಿ, ಊರುಗಳ ಹೊಲಗದ್ದೆಗಳ ಮೇಲೆ ನವಿ ಮುಂಬಯಿ ಎದ್ದಿತು. ಉಡುಪಿ, ಮಂಗಳೂರು, ವಿಜಯಪುರ, ಕಲಬುರಗಿಗಳಿಂದ ಬಂದ ಕನ್ನಡದ ಮನೆಗಳೂ ಈ ಪಟ್ಟಿಯಲ್ಲಿ, ಡೊಂಬಿವಲಿ–ಠಾಣೆಗಳಲ್ಲಿ ನೆಲೆ ನಿಂತವು. ಉಪ್ಪಿನ ಬಿಳಿ ರಾಶಿ ಇದ್ದ ಸೀಮೆಗೆ ಬೇರೆ ಬಗೆಯ ಬಿಳಿ ಪುಡಿಗಳು ಡ್ರಮ್ಮುಗಳಲ್ಲಿ ಬರತೊಡಗಿದವು. ಲ್ಯಾಕ್ಟೋಸ್, ಪಿಷ್ಟ, ಸೆಲ್ಯುಲೋಸ್, ಪ್ಯಾರಾಸಿಟಮಾಲ್, ಮೆಟ್‌ಫಾರ್ಮಿನ್, ಎಲ್ಲವೂ ಬಿಳಿ.

ಕಣ್ಣಿಗೆ ಒಂದೇ ಆಗಿರುವ ಬಿಳಿ ಪುಡಿಗಳನ್ನು ಬೇರೆ ಬೇರೆ ಎಂದು ಗುರುತಿಸುವುದು ಹೇಗೆ? ಗುಳಿಗೆಯಾದ ಮೇಲೆ ಅದರೊಳಗೆ ಔಷಧ ಸರಿಯಾದ ಅಳತೆಯಲ್ಲಿದೆಯೇ ಎಂದು, ಗುಳಿಗೆಯನ್ನು ಒಡೆಯದೆ ತಿಳಿಯುವುದು ಹೇಗೆ? ಈ ಎರಡು ಪ್ರಶ್ನೆಗಳ ಹಿಂದೆ ಇನ್ನೂರು ವರ್ಷಕ್ಕೂ ಹೆಚ್ಚಿನ ಚರಿತ್ರೆಯಿದೆ. ಅದರ ಉದ್ದಕ್ಕೂ ಒಂದು ಸಣ್ಣ ಜಗಳ ನಡೆದು ಬಂದಿದೆ: ವಸ್ತುವಿನ ಮೈಗೆ ತಾಗಿ ಮರಳಿದ ಬೆಳಕನ್ನು ನಂಬಬೇಕೋ, ಅದರ ಒಡಲನ್ನು ತೂರಿ ಆಚೆ ಬಂದ ಬೆಳಕನ್ನು ನಂಬಬೇಕೋ?

ಕೆಂಪಿನಾಚೆಯ ಬಿಸಿ

1800ರಲ್ಲಿ ಇಂಗ್ಲೆಂಡಿನ ವಿಲಿಯಂ ಹರ್ಷೆಲ್ ಸೂರ್ಯನ ಬೆಳಕನ್ನು ಪಟ್ಟಕದಿಂದ ಒಡೆದು, ಒಂದೊಂದು ಬಣ್ಣದಲ್ಲೂ ಎಷ್ಟು ಬಿಸಿಯಿದೆ ಎಂದು ಅಳೆಯುತ್ತಿದ್ದ. ಹೊಟ್ಟೆಪಾಡಿಗೆ ಸಂಗೀತಗಾರನಾಗಿ ದುಡಿದು, ಮುಂದೆ ಖಗೋಳಕ್ಕೆ ಒಲಿದು, 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದಿದ್ದವ ಆತ. ಬುರುಡೆಗೆ ಮಸಿ ಬಳಿದ ಥರ್ಮಾಮೀಟರುಗಳನ್ನು ಬಣ್ಣಗಳ ಸಾಲಿನಲ್ಲಿಟ್ಟು ನೋಡಿದಾಗ, ನೇರಿಳೆಯಿಂದ ಕೆಂಪಿಗೆ ಹೋದಂತೆ ಬಿಸಿ ಏರುತ್ತಿತ್ತು. ಕೆಂಪು ಮುಗಿದ ಮೇಲೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ, ಅದು ಇನ್ನೂ ಹೆಚ್ಚಿತ್ತು. ನಾವು ಅವಕೆಂಪು ಎಂದು ಕರೆಯುವ ಬೆಳಕು ಹೀಗೆ ಮನುಷ್ಯನ ಅರಿವಿಗೆ ಬಂತು. ಕಾಣದ ಈ ಕಿರಣಗಳು ಕನ್ನಡಿಯಿಂದ ಮರಳುತ್ತವೆಯೇ, ಯಾವ ವಸ್ತುವನ್ನು ಎಷ್ಟು ತೂರುತ್ತವೆ ಎಂಬುದನ್ನೂ ಹರ್ಷೆಲ್ ಅದೇ ವರ್ಷ ಪರೀಕ್ಷಿಸಿದ. ಮರಳುವುದು ಮತ್ತು ತೂರುವುದು, ಎರಡೂ ದಾರಿಗಳು ಮೊದಲ ದಿನದಿಂದಲೇ ಜೊತೆಗಿದ್ದವು.

ಮೂವತ್ತು ವರ್ಷಗಳ ಬಳಿಕ ಇಟಲಿಯ ಮಾಸೆಡೋನಿಯೋ ಮೆಲ್ಲೋನಿ ಒಂದು ವಿಚಿತ್ರವನ್ನು ಕಂಡ. ಕಣ್ಣಿಗೆ ನಿಚ್ಚಳವಾಗಿರುವ ಗಾಜು ಶಾಖದ ಕಿರಣಗಳಲ್ಲಿ ಬಹುಪಾಲನ್ನು ತಡೆಯುತ್ತಿತ್ತು. ಆದರೆ ಕಲ್ಲುಪ್ಪಿನ ಹರಳು ಅವನ್ನು ಸಲೀಸಾಗಿ ಹಾಯಲು ಬಿಡುತ್ತಿತ್ತು. ಆಮೇಲಿನ ನೂರು ವರ್ಷ, ಅವಕೆಂಪನ್ನು ಅಳೆಯುವ ಉಪಕರಣಗಳ ಪಟ್ಟಕಗಳನ್ನೂ ಕಿಟಕಿಗಳನ್ನೂ ಉಪ್ಪಿನ ಹರಳಿನಿಂದಲೇ ಕೊರೆದು ಮಾಡಿದರು. ತೇವ ತಗುಲಿದರೆ ಕರಗುವ ಆ ಪಟ್ಟಕವನ್ನು ಮಳೆಗಾಲದಲ್ಲಿ ಜೋಪಾನ ಮಾಡುವುದು ಪ್ರಯೋಗಾಲಯಗಳ ದೊಡ್ಡ ತಲೆನೋವಾಗಿತ್ತು. ಸಾಣಿಕಟ್ಟಾದಲ್ಲೂ ಠಾಣೆ ಖಾರಿಯಲ್ಲೂ ಆಗರದವರು ಗುದ್ದಲಿಯಲ್ಲಿ ಎಳೆಯುತ್ತಿದ್ದ ಪದಾರ್ಥವೇ ವಿಜ್ಞಾನಿಗಳಿಗೆ ಕಾಣದ ಬೆಳಕಿನ ಕಿಟಕಿಯಾಯಿತು.

1881ರಲ್ಲಿ ಏಬ್ನಿ ಮತ್ತು ಫೆಸ್ಟಿಂಗ್ ಎಂಬ ಇಬ್ಬರು ಇಂಗ್ಲಿಷರು ವಿಶೇಷ ಛಾಯಾಚಿತ್ರ ಫಲಕಗಳನ್ನು ಬಳಸಿ, ಕೆಂಪಿಗೆ ತೀರ ಹತ್ತಿರದ ಅವಕೆಂಪಿನಲ್ಲಿ ಹಲವು ಸಾವಯವ ದ್ರವಗಳ ಚಿತ್ರ ತೆಗೆದರು. ಅಣುವಿನಲ್ಲಿ ಹೈಡ್ರೋಜನ್ ಹೇಗೆ ಜೋಡಿಸಿಕೊಂಡಿದೆ ಎಂಬುದಕ್ಕೂ ಆ ದ್ರವ ಹೀರುವ ಬೆಳಕಿಗೂ ನಂಟಿದೆ ಎಂಬ ಸುಳಿವು ಅಲ್ಲಿತ್ತು. ಆದರೂ ಮುಂದಿನ ಎಪ್ಪತ್ತು ವರ್ಷ ರಸಾಯನಶಾಸ್ತ್ರಜ್ಞರು ಆ ಪ್ರದೇಶದ ಕಡೆ ಹೆಚ್ಚು ಗಮನ ಕೊಡಲಿಲ್ಲ. ಅದಕ್ಕೆ ಕಾರಣವೂ ಇತ್ತು.

ಅಣುಗಳು ಸುಮ್ಮನಿರುವುದಿಲ್ಲ. ಅವುಗಳ ಬಂಧಗಳು ತಂತಿಯಂತೆ ಕಂಪಿಸುತ್ತವೆ. ಕಂಪನದ ಮೂಲ ಸ್ವರಗಳು ಕೆಂಪಿನಿಂದ ದೂರದ ಅವಕೆಂಪಿನಲ್ಲಿ ಸ್ಪಷ್ಟವಾಗಿ, ಒಂದೊಂದೂ ಬೇರೆಯಾಗಿ ಕೇಳುತ್ತವೆ. ಕೆಂಪಿಗೆ ಹತ್ತಿರದ ಪ್ರದೇಶದಲ್ಲಿ, ಅಂದರೆ ಸುಮಾರು 780ರಿಂದ 2500 ನ್ಯಾನೋಮೀಟರ್ ವರೆಗೆ, ಕೇಳುವುದು ಆ ಸ್ವರಗಳ ಮೇಲಿನ ಸ್ಥಾಯಿಯ ಮಂದ ಅನುರಣನ ಮಾತ್ರ. ನೀರಿನದು 1450 ಮತ್ತು 1940ರ ಸುತ್ತ ಕಾಣುತ್ತದೆ. ಪ್ರೋಟೀನು, ಪಿಷ್ಟ, ಎಣ್ಣೆಗಳದು ಒಂದರ ಮೇಲೊಂದು ಬಿದ್ದು, ಸಂತೆಯ ಗದ್ದಲದಂತೆ ಕಲಸಿಹೋಗಿರುತ್ತದೆ. ಹೀಗಾಗಿ ಬಲ್ಲವರು ಅದನ್ನು ಬಿಟ್ಟು ದೂರದ ಅವಕೆಂಪಿಗೆ ಹೋದರು. ಆದರೆ ಆ ಮಂದತನವೇ ಒಂದು ಗುಣ. ದೂರದ ಅವಕೆಂಪನ್ನು ವಸ್ತುವಿನ ಮೇಲ್ಪದರವೇ ಪೂರ್ತಿ ನುಂಗಿಬಿಡುತ್ತದೆ. ಹತ್ತಿರದ್ದನ್ನು ವಸ್ತು ಸ್ವಲ್ಪ ಸ್ವಲ್ಪವೇ ಹೀರುವುದರಿಂದ ಅದು ಒಳಕ್ಕೆ ಇಳಿಯುತ್ತದೆ, ಅಲೆಯುತ್ತದೆ, ಹೊರಗೂ ಬರುತ್ತದೆ. ಪುಡಿ ಕರಗಿಸದೆ, ಗುಳಿಗೆ ಒಡೆಯದೆ, ಕಾಳು ಬೀಸದೆ ಒಳಗಿನ ಸುದ್ದಿ ತರಬಲ್ಲ ಬೆಳಕು ಅದು.

ಮೊಟ್ಟೆಯಿಂದ ಕಾಳಿಗೆ

ಇದನ್ನು ಮೊದಲು ಕೆಲಸಕ್ಕೆ ಹಚ್ಚಿದವನು ರಸಾಯನಶಾಸ್ತ್ರಜ್ಞನಲ್ಲ. ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಎಂಜಿನಿಯರ್ ಕಾರ್ಲ್ ನಾರಿಸ್. 1950ರ ದಶಕದಲ್ಲಿ ಅವರಿಗೆ ಒಪ್ಪಿಸಿದ್ದ ಕೆಲಸ ಮೊಟ್ಟೆ ಪರೀಕ್ಷೆ. ಮೊಟ್ಟೆಯನ್ನು ದೀಪಕ್ಕೆ ಹಿಡಿದು ಒಳಗೆ ರಕ್ತದ ಕಲೆಯಿದೆಯೇ ಎಂದು ನೋಡುವುದು ಎಲ್ಲ ದೇಶಗಳ ಹಳ್ಳಿಗರಿಗೂ ಗೊತ್ತಿದ್ದ ವಿದ್ಯೆ. ನಾರಿಸ್ ತಂಡ ಅದನ್ನು ಯಂತ್ರಕ್ಕೆ ಕಲಿಸಿತು. ಬೆಳಕು ಮೊಟ್ಟೆಯನ್ನು ತೂರಿ ಬರುತ್ತಿತ್ತು. ರಕ್ತ ಹೀರುವ ಬಣ್ಣ ಕಡಿಮೆಯಾದರೆ ಯಂತ್ರ ಆ ಮೊಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಿತ್ತು. ಅಂದರೆ ಕಥೆ ಶುರುವಾದದ್ದು ತೂರಿ ಬಂದ ಬೆಳಕಿನಿಂದ.

ಮುಂದಿನ ಪ್ರಶ್ನೆ ಧಾನ್ಯದ ತೇವದ್ದು. ಒದ್ದೆ ಕಾಳು ಉಗ್ರಾಣದಲ್ಲಿ ಬೂಸಲು ಹಿಡಿಯುತ್ತದೆ, ತೂಕದಲ್ಲೂ ಮೋಸ ಮಾಡುತ್ತದೆ. ಒಲೆಯಲ್ಲಿ ಒಣಗಿಸಿ ತೂಗಿ ತೇವ ಅಳೆಯಲು ಗಂಟೆಗಟ್ಟಲೆ ಬೇಕು. ನಾರಿಸ್ ಮತ್ತು ಜೊತೆಗಾರರು ಬೀಜದ ತೇವವನ್ನು ಮೆಥನಾಲಿಗೆ ಇಳಿಸಿ, ಆ ದ್ರವದ ಮೂಲಕ ಬೆಳಕು ಹಾಯಿಸಿ ಅಳೆದರು. ಅದರ ವರದಿ 1962ರಲ್ಲಿ ಪ್ರಕಟವಾಯಿತು. ದ್ರವದಲ್ಲಿ ಲೆಕ್ಕ ಸುಲಭ: ಬೆಳಕು ನೇರ ಹೋಗುತ್ತದೆ, ದಾರಿಯ ಉದ್ದ ಗೊತ್ತಿರುತ್ತದೆ, ಎಷ್ಟು ಕಳೆದುಹೋಯಿತೋ ಅಷ್ಟು ನೀರು. ಘನವಸ್ತುವಿನಲ್ಲಿ ಈ ನೇರತನ ಇಲ್ಲ. ಕಾಳಿನ ರಾಶಿಗೆ ಬಿದ್ದ ಬೆಳಕು ಒಂದು ಕಣದಿಂದ ಇನ್ನೊಂದಕ್ಕೆ ಬಡಿದು, ಜಾತ್ರೆಯಲ್ಲಿ ದಾರಿ ತಪ್ಪಿದ ಮಗುವಿನಂತೆ ಎತ್ತೆತ್ತಲೋ ಅಲೆಯುತ್ತದೆ. ಆಚೆ ಬದಿಗೆ ತಲುಪುವುದು ತೀರ ಕಡಿಮೆ.

ಆದ್ದರಿಂದ ನಾರಿಸ್ ಎರಡು ದಾರಿ ಹಿಡಿದರು. ಒಂದು, ಮಾದರಿಯನ್ನು ತೀರ ತೆಳುವಾಗಿಸುವುದು. ಮಾಂಸದ ಕೊಬ್ಬು ಮತ್ತು ತೇವ ಅಳೆಯಲು 1968ರಲ್ಲಿ ಬೆನ್ ಗೇರಾ ಅವರೊಡನೆ ಮಾಡಿದ ಕೆಲಸದಲ್ಲಿ ಎರಡು ಮಿಲಿಮೀಟರ್ ದಪ್ಪದ ಪದರದ ಮೂಲಕ ಬೆಳಕು ಹಾಯಿಸಿದರು. ಇನ್ನೊಂದು, ಆಚೆ ಬದಿಗೆ ಕಾಯುವುದನ್ನು ಬಿಟ್ಟು, ಬಂದ ದಾರಿಯಲ್ಲೇ ಮರಳುವ ಬೆಳಕನ್ನು ಹಿಡಿಯುವುದು. ಕಾಳನ್ನು ಹಿಟ್ಟು ಮಾಡಿ, ಬಟ್ಟಲಿಗೆ ತುಂಬಿ, ಮೇಲಿನಿಂದ ಬೆಳಕು ಬಿಟ್ಟರೆ ಅದರಲ್ಲಿ ಒಂದು ಭಾಗ ಒಳಗಿಳಿದು, ಕಣಗಳ ನಡುವೆ ಸುತ್ತಾಡಿ, ಮರಳಿ ಮೇಲೆ ಬರುತ್ತದೆ. ಕನ್ನಡಿಯಿಂದ ಮರಳುವ ಬೆಳಕು ಇದಲ್ಲ. ಕನ್ನಡಿಯ ಬೆಳಕು ಒಳಗೆ ಹೋಗಿಯೇ ಇರುವುದಿಲ್ಲ. ಇದು ಒಳಗೆ ಹೊಕ್ಕು, ತನ್ನದೊಂದು ಪಾಲನ್ನು ಸುಂಕವಾಗಿ ಕಟ್ಟಿ ಬಂದ ಬೆಳಕು. ಎಷ್ಟು ಸುಂಕ ಕಟ್ಟಿತು ಎಂಬುದರಲ್ಲೇ ಸುದ್ದಿ ಇದೆ.

ಮರಳಿ ಬರುವ ಬೆಳಕಿನ ಲೆಕ್ಕಕ್ಕೆ ಅಡಿಪಾಯ ಆಗಲೇ ಬಿದ್ದಿತ್ತು. 1931ರಲ್ಲಿ ಪಾಲ್ ಕುಬೆಲ್ಕಾ ಮತ್ತು ಫ್ರಾಂಜ್ ಮುಂಕ್ ಬಣ್ಣದ ಲೇಪದ ಬಗ್ಗೆ ಯೋಚಿಸುತ್ತ ಒಂದು ಸೂತ್ರ ಕೊಟ್ಟಿದ್ದರು. ಗೋಡೆಗೆ ಬಳಿದ ಬಣ್ಣ ಎಷ್ಟು ದಪ್ಪವಿದ್ದರೆ ಹಿಂದಿನ ಗೋಡೆ ಕಾಣದು ಎಂಬುದು ಅವರ ಮೂಲ ಚಿಂತೆ. ಆ ಸೂತ್ರದಲ್ಲಿ ಎರಡು ಸಂಗತಿಗಳು ಹೆಣೆದುಕೊಂಡಿವೆ: ವಸ್ತು ಎಷ್ಟು ಹೀರುತ್ತದೆ, ಎಷ್ಟು ಚದುರಿಸುತ್ತದೆ. ಮೊದಲನೆಯದು ರಸಾಯನದ ಮಾತು, ಎರಡನೆಯದು ಕಣದ ಗಾತ್ರದ ಮಾತು. ಇದನ್ನು ನೋಡಲು ಅಡುಗೆಮನೆ ಸಾಕು. ಕಲ್ಲುಸಕ್ಕರೆ ಗಾಜಿನಂತೆ ಕಾಣುತ್ತದೆ. ಅದನ್ನೇ ಕುಟ್ಟಿ ಪುಡಿ ಮಾಡಿದರೆ ಹಾಲಿನಷ್ಟು ಬಿಳಿ. ರಸಾಯನ ಒಂದಿಷ್ಟೂ ಬದಲಾಗಿಲ್ಲ, ಚದುರಿಸುವ ಮೈಗಳು ಹೆಚ್ಚಾಗಿವೆ ಅಷ್ಟೆ. ಮರಳಿದ ಬೆಳಕನ್ನು ಓದುವವನಿಗೆ ಇದೇ ದೊಡ್ಡ ಗೊಂದಲ. ಬೆಳಕು ಕಡಿಮೆ ಮರಳಿತು ಎಂದರೆ ತೇವ ಹೆಚ್ಚಿದೆ ಎಂದೋ, ಹಿಟ್ಟು ತರಿಯಾಗಿದೆ ಎಂದೋ?

ನಾರಿಸ್ ಈ ಗೊಂದಲವನ್ನು ಲೆಕ್ಕದಿಂದ ಬಿಡಿಸಲು ಹೊರಟರು. ಒಂದೇ ತರಂಗಾಂತರವನ್ನು ನಂಬದೆ, ಹಲವು ತರಂಗಾಂತರಗಳಲ್ಲಿ ಅಳೆದು, ಅವುಗಳನ್ನು ಈಗಾಗಲೇ ರಸಾಯನ ವಿಧಾನದಿಂದ ಪರೀಕ್ಷಿಸಿದ ನೂರಾರು ಮಾದರಿಗಳ ಜೊತೆ ಹೊಂದಿಸಿದರು. ಉಪಕರಣಕ್ಕೆ ಕಂಪ್ಯೂಟರ್ ಜೋಡಿಸಿದರು. ಅಣುವಿನ ಸ್ವರಗಳನ್ನು ಬಿಡಿಬಿಡಿಯಾಗಿ ಗುರುತಿಸದೆ, ಇಡೀ ಗದ್ದಲದಿಂದಲೇ ಉತ್ತರ ಹಿಂಡುವ ಈ ಕ್ರಮವನ್ನು ಅಂದಿನ ಅನೇಕ ರಸಾಯನಶಾಸ್ತ್ರಜ್ಞರು ಶಂಕೆಯಿಂದ ನೋಡಿದರು. ಧಾನ್ಯ ವ್ಯಾಪಾರ ಮಾತ್ರ ಅದನ್ನು ಅಪ್ಪಿಕೊಂಡಿತು. ಅದುವರೆಗೆ ಗೋಧಿಯ ಪ್ರೋಟೀನನ್ನು ಅಳೆಯುತ್ತಿದ್ದದ್ದು ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಯೋಹಾನ್ ಕೆಲ್ಡಾಲ್ 1883ರಲ್ಲಿ ಕೊಟ್ಟ ವಿಧಾನದಿಂದ. ಕುದಿಯುವ ಗಂಧಕಾಮ್ಲ, ಹೊಗೆ, ಗಂಟೆಗಳ ಕಾಯುವಿಕೆ. ಕೆನಡಾದ ಧಾನ್ಯ ಆಯೋಗದಲ್ಲಿ ಫಿಲ್ ವಿಲಿಯಮ್ಸ್ ಅವರ ಮುತುವರ್ಜಿಯಿಂದ 1970ರ ದಶಕದ ಮಧ್ಯದಲ್ಲಿ ಅದರ ಜಾಗಕ್ಕೆ ಮರಳಿದ ಬೆಳಕಿನ ಯಂತ್ರ ಬಂತು.

ಆದರೆ ಹಿಟ್ಟು ಮಾಡುವ ರಗಳೆ ಉಳಿದಿತ್ತು. ಗಿರಣಿಯ ಕಲ್ಲು ಸವೆದರೆ ಹಿಟ್ಟು ತರಿಯಾಗುತ್ತಿತ್ತು, ಉತ್ತರ ಅಲುಗುತ್ತಿತ್ತು. 1980ರ ದಶಕದಲ್ಲಿ ಸ್ವೀಡನ್ನಿನ ಟೆಕೇಟರ್ ಕಂಪನಿಯ ಇನ್‌ಫ್ರಾಟೆಕ್ ಯಂತ್ರ ಇಡೀ ಕಾಳನ್ನೇ ಸುರಿದುಕೊಂಡು, ಅದರ ಮೂಲಕ ಬೆಳಕು ತೂರಿಸಿ ಅಳೆಯತೊಡಗಿತು. ಅದಕ್ಕೆ ಅದು ಆರಿಸಿಕೊಂಡದ್ದು 850ರಿಂದ 1050 ನ್ಯಾನೋಮೀಟರಿನ ಕಿರುಪಟ್ಟಿ. ಅಲ್ಲಿ ವಸ್ತು ಹೀರುವುದು ತೀರ ಕಡಿಮೆ, ಹಾಗಾಗಿ ಎರಡು ಮೂರು ಸೆಂಟಿಮೀಟರ್ ಕಾಳಿನ ಪದರವನ್ನೂ ಬೆಳಕು ದಾಟುತ್ತದೆ. ಮೊಟ್ಟೆಯಲ್ಲಿ ತೂರಿದ ಬೆಳಕು, ಹಿಟ್ಟಿನಲ್ಲಿ ಮರಳಿದ ಬೆಳಕಾಗಿ, ಕಾಳಿನಲ್ಲಿ ಮತ್ತೆ ತೂರಿ ಬಂತು.

ಕನ್ನಡ ನಾಡಿಗೆ ಹತ್ತಿರದ ಉದಾಹರಣೆ ಹೈದರಾಬಾದಿನ ಪಕ್ಕದ ಪಟಾನ್‌ಚೆರುವಿನದು. ಅಲ್ಲಿನ ಇಕ್ರಿಸ್ಯಾಟ್ ಆವರಣದಲ್ಲಿ ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆ ಜೋಳದ ಕಣಿಕೆಯನ್ನು ಮರಳಿದ ಬೆಳಕಿನಿಂದ ಪರೀಕ್ಷಿಸುವ ವ್ಯವಸ್ಥೆ ಕಟ್ಟಿತು. ಒಣಗಿಸಿ ಬೀಸಿದ ಕಣಿಕೆಯಲ್ಲಿ ದನಕ್ಕೆ ಜೀರ್ಣವಾಗುವ ಅಂಶ ಎಷ್ಟು ಎಂಬುದು ಪ್ರಶ್ನೆ. ಹೈದರಾಬಾದಿನ ಮೇವಿನ ಪೇಟೆಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು, ಜೀರ್ಣವಾಗುವ ಅಂಶದಲ್ಲಿ ನೂರಕ್ಕೆ ಸುಮಾರು ಐದರಷ್ಟು ವ್ಯತ್ಯಾಸ ಇದ್ದರೆ ಬೆಲೆಯಲ್ಲಿ ಸುಮಾರು ಕಾಲು ಪಾಲಿನ ವ್ಯತ್ಯಾಸ ಇರುತ್ತದೆ ಎಂದು ತೋರಿಸಿತು. ಆ ಪೇಟೆಯಲ್ಲಿ ಮಾರುವ ಕಣಿಕೆಯ ಬಗೆಗಳಲ್ಲಿ ಒಂದರ ಹೆಸರೇ ‘ರಾಯಚೂರು’. ಎಮ್ಮೆ ಸಾಕುವವರ ಕಣ್ಣು ಮತ್ತು ಕೈ ಮೊದಲೇ ತಿಳಿದಿದ್ದನ್ನು ಪ್ರಯೋಗಾಲಯ ಅಂಕಿಗಳಲ್ಲಿ ಹೇಳಿತು. ತಳಿ ಆರಿಸುವವರು ಕಾಳಿನ ಇಳುವರಿಯನ್ನಷ್ಟೇ ನೋಡಿದರೆ ಸಾಲದು, ಕಣಿಕೆಯನ್ನೂ ನೋಡಬೇಕು ಎಂಬ ಮಾತಿಗೆ ಇದರಿಂದ ಬಲ ಬಂತು. ಸಾವಿರಾರು ಗಿಡಗಳ ಕಣಿಕೆಯನ್ನು ರಸಾಯನ ವಿಧಾನದಲ್ಲೇ ಪರೀಕ್ಷಿಸಲು ಹೊರಟಿದ್ದರೆ ಅದು ಮುಗಿಯುವ ಕೆಲಸವಾಗಿರಲಿಲ್ಲ.

ಡ್ರಮ್ಮಿನ ಬಾಗಿಲಲ್ಲಿ

ಕಾರ್ಖಾನೆಯ ಬಾಗಿಲಿಗೆ ಬಂದ ಡ್ರಮ್ಮಿನಲ್ಲಿ ಚೀಟಿ ಹೇಳುವ ಪದಾರ್ಥವೇ ಇದೆಯೇ? ಈ ಪ್ರಶ್ನೆ ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ಮುಂಬಯಿ ಕಂಡಿದೆ. 1986ರ ಜನವರಿ–ಫೆಬ್ರವರಿಯಲ್ಲಿ ಅಲ್ಲಿನ ಜೆ.ಜೆ. ಆಸ್ಪತ್ರೆಯಲ್ಲಿ ಔಷಧವಾಗಿ ಕೊಟ್ಟ ಗ್ಲಿಸರಿನ್ ಕುಡಿದು 14 ರೋಗಿಗಳು ಸತ್ತರು. ಗ್ಲಿಸರಿನ್ನಿನಲ್ಲಿ ಡೈಎಥಿಲಿನ್ ಗ್ಲೈಕಾಲ್ ಎಂಬ ವಿಷ ಬೆರೆತಿತ್ತು. ಅದೂ ಬಣ್ಣವಿಲ್ಲದ ದ್ರವ, ಅದೂ ಸಿಹಿ. ತನಿಖೆಗೆ ಕೂತ ನ್ಯಾಯಮೂರ್ತಿ ಲೆಂಟಿನ್ ಆಯೋಗ ಖರೀದಿಯಿಂದ ಪರೀಕ್ಷೆಯವರೆಗಿನ ಲೋಪಗಳನ್ನು ಬಿಚ್ಚಿಟ್ಟಿತು. ಆ ದುರಂತದ ಪದಾರ್ಥ ದ್ರವವಾಗಿತ್ತು ನಿಜ. ಪುಡಿಗಳ ವಿಷಯದಲ್ಲೂ ಪಾಠ ಅದೇ: ಹತ್ತು ಡ್ರಮ್ಮುಗಳಲ್ಲಿ ಒಂದನ್ನು ತೆರೆದು ನೋಡಿದರೆ ಉಳಿದ ಒಂಬತ್ತರ ಮೇಲೆ ನಂಬಿಕೆಯಷ್ಟೇ ಉಳಿಯುತ್ತದೆ.

ಎಲ್ಲ ಡ್ರಮ್ಮುಗಳನ್ನೂ ತೆರೆದು, ಪ್ರತಿಯೊಂದಕ್ಕೂ ಪೂರ್ಣ ರಸಾಯನ ಪರೀಕ್ಷೆ ಮಾಡುವುದು ಕಷ್ಟ. ಮರಳಿದ ಬೆಳಕಿಗೆ ಅದು ಅರ್ಧ ನಿಮಿಷದ ಕೆಲಸ. ತೆಳು ಗಾಜಿನ ಎಳೆಗಳ ಕಟ್ಟೊಂದನ್ನು ಪುಡಿಗೆ ಚುಚ್ಚಿದರೆ ಸಾಕು. ಒಂದು ಎಳೆಯಲ್ಲಿ ಬೆಳಕು ಹೋಗುತ್ತದೆ, ಇನ್ನೊಂದರಲ್ಲಿ ಮರಳುತ್ತದೆ. ಗಾಜಿನ ಶೀಷೆಯ ತಳದಿಂದಲೂ ಓದಬಹುದು. ಡ್ರಮ್ಮಿನ ಹೊಟ್ಟೆಯಲ್ಲಿ ಆಚೆ ಬದಿ ಎಂಬುದೇ ಇಲ್ಲದಿರುವಾಗ ತೂರಿ ಬರುವ ಬೆಳಕಿಗೆ ಇಲ್ಲಿ ಕೆಲಸವಿಲ್ಲ.

ಈ ಪರೀಕ್ಷೆಯ ಹಿಂದೆ ಕೋಲ್ಕತ್ತದ ಒಂದು ಲೆಕ್ಕ ಇದೆ. ಪ್ರಶಾಂತಚಂದ್ರ ಮಹಾಲನೋಬಿಸ್ ಮನುಷ್ಯರ ತಲೆ, ಮೂಗು, ಎತ್ತರಗಳ ಅಳತೆಗಳನ್ನಿಟ್ಟುಕೊಂಡು ಜನಸಮುದಾಯಗಳ ನಡುವಿನ ಹತ್ತಿರ–ದೂರವನ್ನು ಹೇಗೆ ಲೆಕ್ಕಹಾಕುವುದು ಎಂದು ಯೋಚಿಸಿದವರು. ಅಳತೆಗಳು ಒಂದನ್ನೊಂದು ಅವಲಂಬಿಸಿರುತ್ತವೆ, ಎತ್ತರದವನ ಕೈಯೂ ಉದ್ದವಿರುತ್ತದೆ. ಅದನ್ನು ಲೆಕ್ಕಕ್ಕೆ ತಂದ ‘ದೂರ’ವನ್ನು 1936ರಲ್ಲಿ ಅವರು ಸ್ಪಷ್ಟವಾಗಿ ನಿರೂಪಿಸಿದರು. 1985ರಲ್ಲಿ ಅಮೆರಿಕದ ಹೋವರ್ಡ್ ಮಾರ್ಕ್ ಮತ್ತು ಡೇವಿಡ್ ಟನೆಲ್ ಅದೇ ದೂರವನ್ನು ಮರಳಿದ ಅವಕೆಂಪಿಗೆ ಹಚ್ಚಿದರು. ಈ ಪುಡಿಯ ಬೆಳಕಿನ ಅಳತೆಗಳು ಲ್ಯಾಕ್ಟೋಸಿನ ಗುಂಪಿಗೆ ಹತ್ತಿರವೋ, ಪಿಷ್ಟದ ಗುಂಪಿಗೆ ಹತ್ತಿರವೋ? ಯಾವ ಗುಂಪಿಗೂ ಹತ್ತಿರವಿಲ್ಲದಿದ್ದರೆ ಡ್ರಮ್ ಒಳಗೆ ಬರುವುದಿಲ್ಲ. ಜನರನ್ನು ಅಳೆಯಲು ಹುಟ್ಟಿದ ಲೆಕ್ಕ ಬಿಳಿ ಪುಡಿಗಳನ್ನು ಬೇರೆ ಮಾಡುವ ಕೆಲಸಕ್ಕೆ ಬಂತು.

ಕಣದ ಗಾತ್ರದ ಗೊಂದಲಕ್ಕೂ ಅದೇ ವರ್ಷ ಒಂದು ಮದ್ದು ಸಿಕ್ಕಿತು. ಗೆಲಾಡಿ, ಮ್ಯಾಕ್‌ಡೂಗಲ್ ಮತ್ತು ಮಾರ್ಟೆನ್ಸ್ ಮಾಂಸದ ಮಾದರಿಗಳ ಮೇಲೆ ಕೆಲಸ ಮಾಡಿ, ಚದುರುವಿಕೆಯಿಂದಾಗುವ ಏರಿಳಿತವನ್ನು ಲೆಕ್ಕದಲ್ಲೇ ಕಳೆದು, ರಸಾಯನದ ಮಾತನ್ನು ಉಳಿಸಿಕೊಳ್ಳುವ ಕ್ರಮ ತೋರಿಸಿದರು. ಇಂದಿನ ಪ್ರತಿ ಯಂತ್ರದ ಸಾಫ್ಟ್‌ವೇರಿನಲ್ಲೂ ಅದೋ ಅದರ ಬಂಧುವೋ ಇರುತ್ತದೆ.

ಗುಳಿಗೆಯ ಹೊಟ್ಟೆ

ಜಗಳ ನಿಜವಾಗಿ ಕಾವೇರಿದ್ದು ಗುಳಿಗೆಯ ಮುಂದೆ. ಒಂದು ಬ್ಯಾಚಿನಲ್ಲಿ ಲಕ್ಷಾಂತರ ಗುಳಿಗೆಗಳು. ಹಳೆಯ ಕ್ರಮದಲ್ಲಿ ಹತ್ತೋ ಇಪ್ಪತ್ತೋ ಗುಳಿಗೆಗಳನ್ನು ಎತ್ತಿ, ಪುಡಿ ಮಾಡಿ, ಕರಗಿಸಿ, ಎಚ್‌ಪಿಎಲ್‌ಸಿ ಯಂತ್ರಕ್ಕೆ ಹಾಕುತ್ತಾರೆ. ಪರೀಕ್ಷೆಯಾದ ಗುಳಿಗೆ ಉಳಿಯುವುದಿಲ್ಲ, ಉಳಿದ ಗುಳಿಗೆ ಪರೀಕ್ಷೆಯಾಗಿರುವುದಿಲ್ಲ. ಪುಡಿ ಸರಿಯಾಗಿ ಬೆರೆಯದೆ ಒಂದು ಗುಳಿಗೆಯಲ್ಲಿ ಔಷಧ ಹೆಚ್ಚು, ಇನ್ನೊಂದರಲ್ಲಿ ಕಡಿಮೆಯಾದರೆ ಸರಾಸರಿ ಸರಿಯಿದ್ದೂ ರೋಗಿಗೆ ತೊಂದರೆ. ರಕ್ತದೊತ್ತಡಕ್ಕೋ ಹೃದಯಕ್ಕೋ ಗುಳಿಗೆ ನುಂಗುವ ಮನುಷ್ಯ ಸರಾಸರಿಯನ್ನು ನುಂಗುವುದಿಲ್ಲ, ಅಂದಿನ ಒಂದು ಗುಳಿಗೆಯನ್ನು ನುಂಗುತ್ತಾನೆ. 1993ರಲ್ಲಿ ಅಮೆರಿಕದ ನ್ಯಾಯಾಧೀಶ ಆಲ್ಫ್ರೆಡ್ ವೊಲಿನ್, ಔಷಧ ಕಂಪನಿಯೊಂದರ ಮೇಲಿನ ಮೊಕದ್ದಮೆಯಲ್ಲಿ, ಬೆರೆತ ಪುಡಿಯ ಮಾದರಿ ಎಷ್ಟು ಚಿಕ್ಕದಿರಬೇಕು ಎಂಬುದರ ಬಗ್ಗೆಯೇ ತೀರ್ಪು ಕೊಡಬೇಕಾಯಿತು. ದೊಡ್ಡ ಚಮಚದಲ್ಲಿ ತೆಗೆದ ಮಾದರಿ ಒಳಗಿನ ಏರುಪೇರನ್ನು ಮುಚ್ಚಿಹಾಕುತ್ತದೆ ಎಂಬುದು ವಾದದ ತಿರುಳು.

ಗುಳಿಗೆಯನ್ನು ಒಡೆಯದೆ ನೋಡಲು ಮೊದಲು ಬಳಸಿದ್ದು ಮರಳಿದ ಬೆಳಕನ್ನೇ. ಅದು ಸುಲಭ, ಅದರ ಅಂಕಿಗಳು ಶ್ರೀಮಂತ. 1100ರಿಂದ 2500ರವರೆಗಿನ ಇಡೀ ಪ್ರದೇಶ ಓದಲು ಸಿಗುತ್ತದೆ, ಬೆಳಕೂ ಧಾರಾಳ. ಆದರೆ ಆ ಬೆಳಕು ಎಷ್ಟು ಆಳದಿಂದ ಬಂದಿದೆ? ಬಹುತೇಕ ಮೇಲಿನ ಒಂದು ಮಿಲಿಮೀಟರಿಗಿಂತ ಕಡಿಮೆ ದಪ್ಪದ ಪದರದಿಂದ. ತರಂಗಾಂತರ ಹೆಚ್ಚಾದಂತೆ ಆಳ ಇನ್ನೂ ಕಡಿಮೆ. ಗುಳಿಗೆಗೆ ಲೇಪವಿದ್ದರೆ ಆ ಲೇಪ, ಅದರಲ್ಲಿ ಬಿಳುಪಿಗೆ ಹಾಕಿದ ಟೈಟೇನಿಯಂ ಡೈಆಕ್ಸೈಡ್, ಮೈಮೇಲೆ ಒತ್ತಿದ ಕಂಪನಿಯ ಅಕ್ಷರದ ತಗ್ಗು, ಎಲ್ಲವೂ ಮಧ್ಯೆ ಬಾಯಿ ಹಾಕುತ್ತವೆ. ಎರಡು ಪದರದ ಗುಳಿಗೆಯಾದರೆ ಒಂದು ಪದರದ ಸುದ್ದಿಯಷ್ಟೇ ಸಿಗುತ್ತದೆ.

ತೂರಿ ಬಂದ ಬೆಳಕಿಗೆ ಈ ದೋಷ ಕಡಿಮೆ. ಅದು ಒಂದು ಮುಖದಿಂದ ಹೊಕ್ಕು, ಒಡಲಲ್ಲೆಲ್ಲ ಸುತ್ತಿ, ಇನ್ನೊಂದು ಮುಖದಿಂದ ಬರುತ್ತದೆ. ಅದು ಭೇಟಿಯಾದ ಕಣಗಳ ಸಂಖ್ಯೆ ಎಷ್ಟೋ ಪಾಲು ಹೆಚ್ಚು. ಸ್ವೀಡನ್ನಿನ ಗಾಟ್‌ಫ್ರೀಸ್ ಮತ್ತು ಸಂಗಡಿಗರು 1996ರಲ್ಲಿ ರಕ್ತದೊತ್ತಡದ ಮೆಟೊಪ್ರೊಲಾಲ್ ಗುಳಿಗೆಗಳ ಮೇಲೆ ಎರಡೂ ದಾರಿಗಳನ್ನು ಎದುರುಬದುರಾಗಿ ಇಟ್ಟು ನೋಡಿದರು. 2002ರಲ್ಲಿ ಅಮೆರಿಕದ ಐಯರ್, ಮಾರಿಸ್ ಮತ್ತು ಡ್ರೆನೆನ್ ಅದೇ ಹೋಲಿಕೆಯನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದರು. ಬೆಳಕು ನಿಜವಾಗಿ ಗುಳಿಗೆಯ ಎಷ್ಟು ತೂಕವನ್ನು ‘ಕಂಡಿದೆ’ ಎಂಬುದನ್ನೇ ಅಳೆಯುವುದು ಅವರ ಪ್ರಶ್ನೆಯ ಒಂದು ಭಾಗವಾಗಿತ್ತು. ಇಡೀ ಗುಳಿಗೆಯ ಬಗ್ಗೆ ಸಾಕ್ಷಿ ಹೇಳುವ ಬೆಳಕು ಗುಳಿಗೆಯ ಎಷ್ಟು ಭಾಗವನ್ನು ನೋಡಿತ್ತು ಎಂದು ಕೇಳುವುದು, ನ್ಯಾಯಾಲಯದಲ್ಲಿ ಸಾಕ್ಷಿಗೆ ಹಾಕುವ ಮೊದಲ ಪಾಟೀಸವಾಲಿನಂತೆಯೇ.

ಆದರೆ ತೂರುವ ದಾರಿಗೂ ಅದರದೇ ಕಷ್ಟಗಳಿವೆ. ನಾಲ್ಕು ಮಿಲಿಮೀಟರ್ ಗುಳಿಗೆಯನ್ನು ದಾಟಿ ಬರುವ ಬೆಳಕು ಹೊಕ್ಕಿದ್ದರ ಸಾವಿರದಲ್ಲೊಂದು ಪಾಲೋ, ಅದಕ್ಕೂ ಕಡಿಮೆಯೋ. ಸುಮಾರು 1400 ನ್ಯಾನೋಮೀಟರಿನ ಆಚೆ ಬಹುಪಾಲು ಗುಳಿಗೆಗಳು ಕತ್ತಲು ಗೋಡೆಯಾಗುತ್ತವೆ. ಹಾಗಾಗಿ ಓದಲು ಸಿಗುವುದು ಕಿರುಪಟ್ಟಿ, ಅದೂ ಅನುರಣನದ ಅನುರಣನ. ಗುಳಿಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿಯಿದ್ದರೆ ಅಲ್ಲಿಂದ ನುಸುಳಿದ ಬೆಳಕು, ಪಾಪ ಒಳಗಿಂದ ಕಷ್ಟಪಟ್ಟು ಬಂದ ಬೆಳಕನ್ನು ಮುಳುಗಿಸಿಬಿಡುತ್ತದೆ. ಗುಳಿಗೆ ತುಸು ದಪ್ಪವಾದರೆ, ಯಂತ್ರ ಅದನ್ನು ತುಸು ಗಟ್ಟಿಯಾಗಿ ಒತ್ತಿದ್ದರೆ, ಬೆಳಕಿನ ದಾರಿಯ ಉದ್ದವೇ ಬದಲಾಗುತ್ತದೆ. ದ್ರವದಲ್ಲಿದ್ದ ನೇರ ಲೆಕ್ಕ ಇಲ್ಲಿ ಇಲ್ಲ. ನಾಲ್ಕು ಮಿಲಿಮೀಟರ್ ದಾಟಲು ಬೆಳಕು ಒಳಗೆ ಅದರ ಎಷ್ಟೋ ಪಟ್ಟು ದೂರ ಅಲೆದಿರುತ್ತದೆ.

ಹಾಗಾಗಿ ಅನುಭವಿಗಳ ತೀರ್ಮಾನ ಯಾವುದೋ ಒಂದರ ಗೆಲುವಾಗಿ ಮುಗಿಯಲಿಲ್ಲ, ಕೆಲಸದ ಹಂಚಿಕೆಯಾಗಿ ಮುಗಿಯಿತು. ಡ್ರಮ್ಮಿನ ಗುರುತು, ಬೆರೆಯುತ್ತಿರುವ ಪುಡಿಯ ಹದ, ಒಣಗುತ್ತಿರುವ ಹರಳಿನ ತೇವ, ಲೇಪದ ದಪ್ಪ: ಇವಕ್ಕೆ ಮರಳಿದ ಬೆಳಕು. ಇಡೀ ಗುಳಿಗೆಯಲ್ಲಿ, ಇಡೀ ಕಾಳಿನಲ್ಲಿ ಏನೆಷ್ಟಿದೆ ಎಂಬುದಕ್ಕೆ ತೂರಿ ಬಂದ ಬೆಳಕು. 2004ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು, ಕೊನೆಗೆ ಪರೀಕ್ಷಿಸುವ ಬದಲು ತಯಾರಾಗುವಾಗಲೇ ಅಳೆಯುತ್ತ ಹೋಗಿ ಎಂದು ಕಾರ್ಖಾನೆಗಳನ್ನು ಉತ್ತೇಜಿಸುವ ಮಾರ್ಗಸೂಚಿ ಹೊರಡಿಸಿದರು. ಅಮೆರಿಕಕ್ಕೆ ಗುಳಿಗೆ ಕಳಿಸುವ ಭಾರತದ ಕಂಪನಿಗಳಿಗೂ ಆ ಮಾತು ಮುಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ಠಾಣೆ–ವಾಶಿ ನಡುವೆ ಲೋಕಲ್ ಓಡತೊಡಗಿತ್ತು.

ಇನ್ನೊಂದು ದಾರಿಯೂ ತೆರೆಯಿತು. 1928ರಲ್ಲಿ ಕೋಲ್ಕತ್ತದಲ್ಲಿ ಕಂಡ ಪರಿಣಾಮಕ್ಕೆ ಸಿ.ವಿ. ರಾಮನ್ ಅವರ ಹೆಸರಿದೆ. ಅಣುವಿಗೆ ಬಡಿದು ಬಣ್ಣ ಬದಲಿಸಿಕೊಂಡ ಬೆಳಕಿನ ವಿದ್ಯೆ ಅದು. ಅಲ್ಲೂ ಬಹುಕಾಲ ಮೈಯಿಂದ ಮರಳಿದ ಬೆಳಕನ್ನೇ ನೋಡುತ್ತಿದ್ದರು. 2006ರಲ್ಲಿ ಇಂಗ್ಲೆಂಡಿನ ಮಾಟೂಸೆಕ್ ಮತ್ತು ಪಾರ್ಕರ್ ಗುಳಿಗೆಯ ಆಚೆ ಮುಖದಿಂದ ಹೊರಬಂದ ರಾಮನ್ ಬೆಳಕನ್ನು ಹಿಡಿದು, ಇಡೀ ಒಡಲಿನ ಸುದ್ದಿ ಓದಬಹುದೆಂದು ತೋರಿಸಿದರು. ಹಳೆಯ ಜಗಳ ಹೊಸ ಮನೆಯಲ್ಲೂ ಎದ್ದಿತು, ಸಿಕ್ಕ ಉತ್ತರವೂ ಅದನ್ನೇ ಹೋಲುತ್ತಿತ್ತು.

ಬೆಳಕು ಕಾಣದ್ದು

ಈ ಬೆಳಕನ್ನು ಅತಿಯಾಗಿ ನಂಬುವುದೂ ಅಪಾಯ. ಅದು ತಾನಾಗಿ ಏನನ್ನೂ ಅರಿಯದು. ನೂರಾರು ಮಾದರಿಗಳನ್ನು ಯಾರೋ ಆಮ್ಲ, ಬ್ಯುರೆಟ್, ಎಚ್‌ಪಿಎಲ್‌ಸಿಗಳಲ್ಲಿ ಕೂತು ಪರೀಕ್ಷಿಸಿ, ಇದು ಇಷ್ಟು, ಅದು ಅಷ್ಟು ಎಂದು ಕಲಿಸಿದ ಮೇಲೆಯೇ ಯಂತ್ರ ಮಾತಾಡುತ್ತದೆ. ಲ್ಯಾಬಿನವರು ಅದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ಕಲಿಸಿದವನ ತಪ್ಪು ಅದರಲ್ಲಿ ಹಾಗೇ ಉಳಿಯುತ್ತದೆ. ಬೇಸಿಗೆಯಲ್ಲಿ ಕಲಿತ ಪಾಠ ಕೊಂಕಣದ ಜುಲೈ ತಿಂಗಳ ತೇವದಲ್ಲಿ ಹೊಂದದೆ ಹೋಗಬಹುದು. ಹೊಸ ಸರಬರಾಜುದಾರನ ಲ್ಯಾಕ್ಟೋಸಿನ ಕಣ ಬೇರೆ ಗಾತ್ರದ್ದಾದರೆ ಮತ್ತೆ ಕಲಿಸಬೇಕು. ಥೈರಾಕ್ಸಿನ್ನಿನಂಥ ಗುಳಿಗೆಯಲ್ಲಿ ಔಷಧ ಇರುವುದೇ ಮೈಕ್ರೋಗ್ರಾಂಗಳಲ್ಲಿ. ಅಷ್ಟು ಕಿರಿದಾದದ್ದರ ಸದ್ದು ಉಳಿದ ಪುಡಿಯ ಗದ್ದಲದಲ್ಲಿ ಅಡಗಿಹೋಗುತ್ತದೆ. ಲಕ್ಷದಲ್ಲಿ ಕೆಲವೇ ಪಾಲಿನಷ್ಟು ವಿಷ ಬೆರೆತಿದ್ದರೆ ಮರಳಿದ ಬೆಳಕೂ ಹೇಳದು, ತೂರಿ ಬಂದ ಬೆಳಕೂ ಹೇಳದು. ಅಲ್ಲಿಗೆ ಹಳೆಯ, ನಿಧಾನದ ರಸಾಯನವೇ ಬೇಕು.

ಬೆಳಕು ಎಲ್ಲಿ ಸುಮ್ಮನಾಗುತ್ತದೆ ಎಂಬುದಕ್ಕೆ ಉಪ್ಪೇ ಒಳ್ಳೆಯ ಉದಾಹರಣೆ. ಒಣ ಉಪ್ಪಿನ ರಾಶಿಯ ಮೇಲೆ ಈ ಯಂತ್ರವನ್ನು ಹಿಡಿದರೆ ಉಪ್ಪಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಮೆಲ್ಲೋನಿ ಕಂಡಂತೆ ಉಪ್ಪು ಈ ಬೆಳಕನ್ನು ಹೀರುವುದೇ ಇಲ್ಲ, ಹರಳುಗಳ ಗಾತ್ರಕ್ಕೆ ತಕ್ಕಂತೆ ಚದುರಿಸಿ ಕಳಿಸುತ್ತದೆ ಅಷ್ಟೆ. ಅದರಲ್ಲಿ ತೇವ ಉಳಿದಿದ್ದರೆ ಮಾತ್ರ 1450ರಲ್ಲಿ, 1940ರಲ್ಲಿ ತಗ್ಗು ಬೀಳುತ್ತದೆ. ಆಗರದವರು ಉಪ್ಪನ್ನು ಮುಷ್ಟಿಯಲ್ಲಿ ಹಿಡಿದು ಕೇಳುತ್ತಿದ್ದ ಪ್ರಶ್ನೆಯೂ ಅದೇ: ಚೆನ್ನಾಗಿ ಒಣಗಿದೆಯೇ, ಇನ್ನೂ ನೀರು ಉಳಿದಿದೆಯೇ? ಮಡಿಯಲ್ಲಿ ಉಪ್ಪೇ ಬೆಳೆದದ್ದು ಎಂದು ಅವರಿಗೆ ಗೊತ್ತಿತ್ತು, ಅದನ್ನು ಕೇಳಬೇಕಿರಲಿಲ್ಲ. ಠಾಣೆ–ಬೇಲಾಪುರ ರಸ್ತೆಯಲ್ಲಿ ಲಾರಿಯಿಂದ ಇಳಿಯುವ ಡ್ರಮ್ಮಿನ ವಿಷಯದಲ್ಲಿ ಆ ಭರವಸೆ ಇಲ್ಲ. ಅದಕ್ಕಾಗಿಯೇ ಮುಚ್ಚಳ ತೆಗೆದು, ಒಳಗೆ ಒಂದಿಷ್ಟು ಬೆಳಕು ಬಿಟ್ಟು, ಅದು ಏನು ಹೇಳಿಕೊಂಡು ಮರಳುತ್ತದೆ ಎಂದು ಕಾಯಬೇಕಾಗುತ್ತದೆ.